ಕಥೆಯನ್ನು ಮತ್ತೆ ಮತ್ತೆ ಹೇಳಿದವರು – ವಾಲ್ಟ್ ಡಿಸ್ನಿ

ಮಕ್ಕಳೇ,

ಈ ತಿಂಗಳ ಗೋಡೆ ಪತ್ರಿಕೆಯ ‘ದೊಡ್ಡವರ ಬದುಕು’ ಅಂಕಣಕ್ಕೆ ನಾನು ಆರಿಸಿಕೊಂಡಿರುವವರು ವಾಲ್ಟ್ ಡಿಸ್ನಿ. ಮಿಕ್ಕಿ ಮೌಸ್ ಅಂದ್ರೆ ನಿಮಗೆಲ್ಲ ಗೊತ್ತು. ಬ್ಯಾಗಿನ ಮೇಲೆ, ನೀರಿನ ಬಾಟ್ಲಿ ಮೇಲೆ ಅದರ ಚಿತ್ರ ಇದ್ದೇ ಇರುತ್ತೆ. ಅದನ್ನು ಹುಟ್ಟಿಸಿದವರ ಬದುಕು ಮಾತ್ರ ನಮಗೆ ಅಷ್ಟಾಗಿ ಗೊತ್ತಿಲ್ಲ.

ಇವರನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಹಳೆಯ ಕಾರ್ಟೂನ್ ಸಿನಿಮಾಗಳನ್ನು ಈಗಿನ ಕಾಲದವರಿಗಾಗಿ, ನಿಜವಾದ ನಟ ನಟಿಯರನ್ನು ಇಟ್ಟುಕೊಂಡು ಮತ್ತೆ ತೆಗೆಯುತ್ತಿದ್ದಾರೆ. ಸಿಂಡ್ರೆಲಾ 2015ರಲ್ಲಿ, ಜಂಗಲ್ ಬುಕ್ 2016ರಲ್ಲಿ, ಸ್ನೋವೈಟ್ 2025ರಲ್ಲಿ ಹೊಸದಾಗಿ ಬಂದವು. ಪ್ರತಿ ಸಲವೂ ದೊಡ್ಡವರಲ್ಲಿ ಜಗಳ. ಡಿಸ್ನಿ ಮಾಡಿದ್ದನ್ನು ಕೆಡಿಸಿಬಿಟ್ಟರು ಅಂತ ಕೆಲವರು, ಕಾಲಕ್ಕೆ ತಕ್ಕ ಹಾಗೆ ಬದಲಾಗಲೇಬೇಕು ಅಂತ ಇನ್ನು ಕೆಲವರು. ಈ ಜಗಳಕ್ಕೆ ಉತ್ತರ ಡಿಸ್ನಿಯವರ ಬದುಕಿನಲ್ಲೇ ಇದೆ ಅಂತ ನನಗೆ ಅನ್ನಿಸುತ್ತೆ. ಓದಿ ನೋಡಿ.

ಪೇಪರ್ ಹಾಕುವ ಹುಡುಗ

ವಾಲ್ಟ್ ಡಿಸ್ನಿಯವರು 1901ನೇ ಇಸವಿ ಡಿಸೆಂಬರ್ 5ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿದರು. ತಂದೆ ಇಲಿಯಾಸ್, ತಾಯಿ ಫ್ಲೋರಾ. ಐದು ಜನ ಮಕ್ಕಳಲ್ಲಿ ಇವರು ನಾಲ್ಕನೆಯವರು. 1906ರಲ್ಲಿ ಮನೆಯವರೆಲ್ಲ ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ಊರಿಗೆ ಹೋಗಿ ಬೇಸಾಯಕ್ಕೆ ಇಳಿದರು. ಹಸು, ಹಂದಿ, ಕೋಳಿಗಳ ನಡುವೆ ಬೆಳೆದ ಹುಡುಗನಿಗೆ ಚಿತ್ರ ಬರೆಯುವ ಹುಚ್ಚು ಅಲ್ಲೇ ಹತ್ತಿತು.

ಬೇಸಾಯ ಕೈಹಿಡಿಯಲಿಲ್ಲ. ಜಮೀನು ಮಾರಿ 1911ರಲ್ಲಿ ಕಾನ್ಸಾಸ್ ಸಿಟಿ ಸೇರಿದರು. ಅಲ್ಲಿ ತಂದೆ ಪೇಪರ್ ಹಂಚುವ ಕೆಲಸ ಹಿಡಿದರು. ಹಂಚುತ್ತಿದ್ದವರು ವಾಲ್ಟ್ ಮತ್ತು ಅಣ್ಣ ರಾಯ್. ಬೆಳಗಿನ ಜಾವ ಎದ್ದು, ಹಿಮ ಬೀಳುತ್ತಿದ್ದರೂ ಮನೆ ಮನೆಗೆ ಪೇಪರ್ ಹಾಕಿ ಆಮೇಲೆ ಶಾಲೆಗೆ ಹೋಗಬೇಕು. ತರಗತಿಯಲ್ಲಿ ತೂಕಡಿಸದೆ ಇನ್ನೇನು ಮಾಡ್ತಾರೆ ಹೇಳಿ?

1917ರ ಆರಂಭದಲ್ಲಿ ಆ ಊರಿನ ಪೇಪರ್ ಹುಡುಗರಿಗೆಲ್ಲ ಒಂದು ದೊಡ್ಡ ಸಭಾಂಗಣದಲ್ಲಿ ಪುಕ್ಕಟೆ ಸಿನಿಮಾ ತೋರಿಸಿದರು. ಅದು 1916ರಲ್ಲಿ ತೆಗೆದಿದ್ದ ಸ್ನೋವೈಟ್, ನಟರು ಅಭಿನಯಿಸಿದ್ದ ಮೂಕಿ ಚಿತ್ರ. ಹದಿನೈದು ವರ್ಷದ ವಾಲ್ಟ್ ಅದನ್ನು ಜೀವನಪೂರ್ತಿ ಮರೆಯಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಅವರ ಸ್ನೋವೈಟ್ ಸಿನಿಮಾಗೂ ಮೊದಲೇ ಇನ್ನೊಂದು ಸ್ನೋವೈಟ್ ಸಿನಿಮಾ ಇತ್ತು!

1918ರಲ್ಲಿ ವಯಸ್ಸು ಸಾಲದಿದ್ದರೂ ಹುಟ್ಟಿದ ವರ್ಷ ತಿದ್ದಿಕೊಂಡು ರೆಡ್ ಕ್ರಾಸ್ ಸೇರಿದರು. ಫ್ರಾನ್ಸ್ ತಲುಪುವ ಹೊತ್ತಿಗೆ ಮೊದಲನೇ ಮಹಾಯುದ್ಧ ಮುಗಿದಿತ್ತು. ಸ್ವಲ್ಪ ದಿನ ಆಂಬುಲೆನ್ಸ್ ಓಡಿಸಿ ವಾಪಸ್ ಬಂದರು.

ಕೆಂಪು ಟೋಪಿ ಹುಡುಗಿಗೆ ವಿಮಾನ

ಕಾರ್ಟೂನ್ ಸಿನಿಮಾ ಅಂದ್ರೆ ಏನು ಗೊತ್ತಾ? ಒಂದೊಂದು ಚಿತ್ರದಲ್ಲೂ ಕೈಕಾಲು ಕೂದಲೆಳೆಯಷ್ಟು ಸರಿಸಿ ಬರೆಯಬೇಕು. ಅವನ್ನು ಒಂದರ ಹಿಂದೆ ಒಂದು ಫೋಟೋ ತೆಗೆದು, ಒಂದು ಸೆಕೆಂಡಿಗೆ 24ರಂತೆ ಓಡಿಸಿದರೆ ಬರೆದ ಗೊಂಬೆ ನಡೆದ ಹಾಗೆ ಕಾಣುತ್ತೆ. ಕಣ್ಣಿಗೆ ಸುಲಭ, ಕೈಗೆ ಬಲು ಕಷ್ಟ.

1922ರಲ್ಲಿ ಡಿಸ್ನಿಯವರು ಕಾನ್ಸಾಸ್ ಸಿಟಿಯಲ್ಲಿ ಲಾಫ್‌ಓಗ್ರಾಮ್ ಎಂಬ ಪುಟ್ಟ ಕಂಪೆನಿ ಕಟ್ಟಿದರು. ಅವರು ಮಾಡಿದ್ದು ಏನು? ಹಳೇ ಅಜ್ಜಿ ಕಥೆಗಳನ್ನು ತಗೊಂಡು ಹೊಸ ಕಾಲಕ್ಕೆ ತಿರುಗಿಸುವುದು! ಅವರ ಕೆಂಪು ಟೋಪಿ ಹುಡುಗಿಯ ಕಥೆಯಲ್ಲಿ ತೋಳದ ಬದಲು ಕಾರಿನಲ್ಲಿ ಬರುವ ಒಬ್ಬ ಗಂಡಸು. ಹುಡುಗಿಯನ್ನು ಕಾಪಾಡಲು ವಿಮಾನ ಬರುತ್ತೆ. ಸಿಂಡ್ರೆಲಾ ಅರಮನೆಗೆ ಹೋಗುವುದು ಮೋಟಾರು ಕಾರಿನಲ್ಲಿ. ಆಗ ಅವರಿಗೆ 20 ವರ್ಷ. ನೂರಾರು ವರ್ಷದ ಕಥೆಗಳನ್ನು ಕೆಡಿಸಿದ ಅಂತ ಅವತ್ತೂ ಯಾರಾದರೂ ಬೈದಿರಬಹುದು.

ಸಿನಿಮಾ ಕೊಂಡ ಕಂಪೆನಿ ಮುಂಗಡವಾಗಿ 100 ಡಾಲರ್ ಕೊಟ್ಟು ಮುಳುಗಿಹೋಯಿತು. ಡಿಸ್ನಿಯವರಿಗೆ ಬಾಡಿಗೆ ಕಟ್ಟಲೂ ಗತಿಯಿಲ್ಲ. ಆಫೀಸಿನಲ್ಲೇ ಮಲಗುತ್ತಿದ್ದರು. ರೈಲ್ವೆ ಸ್ಟೇಷನ್ನಿಗೆ ಹೋಗಿ ಕಾಸು ಕೊಟ್ಟು ಸ್ನಾನ ಮಾಡಿ ಬರುತ್ತಿದ್ದರು. 1923ರಲ್ಲಿ ಕಂಪೆನಿ ದಿವಾಳಿ. ರೈಲು ಹತ್ತಿ ಕ್ಯಾಲಿಫೋರ್ನಿಯಾಗೆ ಹೋದರು. ಅದೇ ಅಕ್ಟೋಬರಿನಲ್ಲಿ ಅಣ್ಣ ರಾಯ್ ಜೊತೆ ಸೇರಿ ಹೊಸ ಸ್ಟುಡಿಯೋ ತೆರೆದರು.

ಅಲ್ಲೂ ಒಂದು ಪೆಟ್ಟು ಬಿತ್ತು. ಓಸ್ವಾಲ್ಡ್ ಎಂಬ ಮೊಲವನ್ನು ಹುಟ್ಟಿಸಿದರು, ಜನ ಮೆಚ್ಚಿದರು. ಆದರೆ ಹಕ್ಕು ಕಾಗದದಲ್ಲಿ ಬೇರೆಯವರ ಹೆಸರಿನಲ್ಲಿತ್ತು. 1928ರಲ್ಲಿ ಮೊಲವೂ ಹೋಯಿತು, ಕೆಲಸಗಾರರಲ್ಲಿ ಹೆಚ್ಚಿನವರೂ ಹೋದರು. ಜೊತೆಗೆ ಉಳಿದ ಗೆಳೆಯ ಅಬ್ ಐವರ್ಕ್ಸ್ ಜೊತೆ ಸೇರಿ ಮಾಡಿದ್ದೇ ಮಿಕ್ಕಿ ಮೌಸ್. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಮಿಕ್ಕಿ ಇರುವ ‘ಸ್ಟೀಮ್‌ಬೋಟ್ ವಿಲ್ಲಿ’ ಬಿಡುಗಡೆಯಾಯಿತು. ಗೊಂಬೆಯ ಕುಣಿತಕ್ಕೆ ಸರಿಯಾಗಿ ಶಬ್ದ ಕೂಡಿಸಿದ್ದರಿಂದ ಜನ ಬೆರಗಾದರು. 1932ರಲ್ಲಿ ‘ಫ್ಲವರ್ಸ್ ಅಂಡ್ ಟ್ರೀಸ್’ ಚಿತ್ರಕ್ಕೆ ಟೆಕ್ನಿಕಲರ್ ಕಂಪೆನಿಯ ಬಣ್ಣ ಹಾಕಿಸಿ ಆಸ್ಕರ್ ಪ್ರಶಸ್ತಿ ಪಡೆದರು.

ತನ್ನದನ್ನೇ ತಿದ್ದಿದವರು

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1931ರಲ್ಲಿ ಡಿಸ್ನಿಯವರು ‘ಕುರೂಪಿ ಬಾತುಮರಿ’ ಕಥೆಯನ್ನು ಕಪ್ಪು ಬಿಳುಪಿನಲ್ಲಿ ತೆಗೆದರು. ಅದರಲ್ಲಿ ತಾಯಿ ಕೋಳಿ ಓಡಿಸಿದ ಬಾತುಮರಿ, ಪ್ರವಾಹ ಬಂದಾಗ ಕೋಳಿಮರಿಗಳನ್ನು ಕಾಪಾಡಿ ಪ್ರೀತಿ ಗಳಿಸುತ್ತೆ. ಎಂಟು ವರ್ಷ ಆದ ಮೇಲೆ, 1939ರಲ್ಲಿ, ಅದೇ ಕಥೆಯನ್ನು ಬಣ್ಣದಲ್ಲಿ ಮತ್ತೆ ತೆಗೆದರು. ಈ ಸಲ ಆಂಡರ್ಸನ್ ಬರೆದ ಕಥೆಯಂತೆ ಮರಿ ತಾನು ಹಂಸ ಅಂತ ತಿಳಿದುಕೊಳ್ಳುತ್ತೆ. ಎರಡನೆಯದಕ್ಕೆ ಆಸ್ಕರ್ ಬಂತು.

1933ರ ‘ಮೂರು ಹಂದಿಮರಿಗಳು’ ಚಿತ್ರ ಬಹಳ ಹೆಸರು ಮಾಡಿತು. ಜನ ಇನ್ನೂ ಬೇಕು ಅಂದರು. ಅದೇ ಹಂದಿಗಳನ್ನಿಟ್ಟು ಮತ್ತೆ ಮೂರು ಚಿತ್ರ ಮಾಡಿದರು. ಯಾವುದೂ ಮೊದಲಿನಷ್ಟು ಓಡಲಿಲ್ಲ. ಸುಮ್ಮನೆ ಮತ್ತೊಂದು ಸಲ ಮಾಡುವುದು ಬೇರೆ, ಹೊಸದಾಗಿ ಯೋಚನೆ ಮಾಡಿ ಹೇಳುವುದು ಬೇರೆ.

ಆ ಮೊದಲ ಹಂದಿಮರಿ ಚಿತ್ರದಲ್ಲಿ ತೋಳ ಯಹೂದಿ ವ್ಯಾಪಾರಿಯ ವೇಷದಲ್ಲಿ ಬಂದು ಬಾಗಿಲು ತಟ್ಟುವ ದೃಶ್ಯ ಇತ್ತು. ಒಂದು ಜನಾಂಗವನ್ನೇ ಅಣಕಿಸುವ ಹಾಗಿತ್ತು. 1948ರಲ್ಲಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುವಾಗ ಆ ಭಾಗವನ್ನು ಬದಲಾಯಿಸಿ ಬರೆಸಿದರು. ಡಿಸ್ನಿಯವರು ಬದುಕಿದ್ದಾಗಲೇ, ಅವರ ಸ್ಟುಡಿಯೋದಲ್ಲೇ ನಡೆದದ್ದು ಇದು. ಹಳೆಯದು ಅನ್ನುವ ಒಂದೇ ಕಾರಣಕ್ಕೆ ತಪ್ಪನ್ನು ಉಳಿಸಿಕೊಳ್ಳಬೇಕಾಗಿಲ್ಲ ಅಲ್ವಾ?

ಸ್ನೋವೈಟ್ ಮತ್ತು ನಮ್ಮಜ್ಜಿ

1934ರಲ್ಲಿ ಒಂದು ಸಂಜೆ ಡಿಸ್ನಿಯವರು ಕಲಾವಿದರನ್ನೆಲ್ಲ ಕೂರಿಸಿಕೊಂಡು ಸ್ನೋವೈಟ್ ಕಥೆಯನ್ನು ಪೂರ್ತಿ ಅಭಿನಯಿಸಿ ತೋರಿಸಿದರು. ರಾಣಿಯೂ ಅವರೇ, ಕುಳ್ಳರೂ ಅವರೇ. ಅಷ್ಟು ಉದ್ದದ ಕಾರ್ಟೂನನ್ನು ಯಾರೂ ಕೂತು ನೋಡಲ್ಲ ಅಂತ ಸಿನಿಮಾದವರು ನಕ್ಕರು, ಡಿಸ್ನಿಯ ಹುಚ್ಚಾಟ ಅಂತ ಕರೆದರು. ಸುಮಾರು 15 ಲಕ್ಷ ಡಾಲರ್ ಖರ್ಚಾಯಿತು. 1937ರ ಡಿಸೆಂಬರ್ 21ರಂದು 83 ನಿಮಿಷದ ಸಿನಿಮಾ ತೆರೆಕಂಡಿತು. ನಕ್ಕವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಸ್ಕರ್‌ನವರು ಒಂದು ದೊಡ್ಡ ಗೊಂಬೆ, ಏಳು ಪುಟ್ಟ ಗೊಂಬೆ ಕೊಟ್ಟು ಗೌರವಿಸಿದರು.

ಆದರೆ ಜರ್ಮನಿಯ ಗ್ರಿಮ್ ಸೋದರರ ಪುಸ್ತಕದಲ್ಲಿ ರಾಜಕುಮಾರ ಮುತ್ತು ಕೊಟ್ಟು ಎಬ್ಬಿಸುವುದಿಲ್ಲ. ಪೆಟ್ಟಿಗೆ ಹೊತ್ತವರು ಎಡವಿದಾಗ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸೇಬಿನ ಚೂರು ಹೊರಗೆ ಬರುತ್ತೆ. ಕೊನೆಗೆ ರಾಣಿಗೆ ಕಾದ ಕಬ್ಬಿಣದ ಬೂಟು ತೊಡಿಸಿ ಸಾಯುವವರೆಗೆ ಕುಣಿಸುತ್ತಾರೆ. ಡಿಸ್ನಿಯವರು ಅದನ್ನು ಬಿಟ್ಟರು. ಮುತ್ತನ್ನು ತಂದರು. ಏಳು ಕುಳ್ಳರಿಗೂ ಒಂದೊಂದು ಹೆಸರು, ಒಂದೊಂದು ಸ್ವಭಾವ ಕೊಟ್ಟರು. ನಾವು ಅಸಲಿ ಅಂದುಕೊಂಡಿರುವುದು ಅವರ ಬದಲಾವಣೆ!

ನನ್ನ ಮನೆ ಇರುವುದು ಬೆಂಗಳೂರಿನ ಜೋಗುಪಾಳ್ಯದಲ್ಲಿ, ಹಲಸೂರಿನ ಪಕ್ಕ. ನಾನು ಚಿಕ್ಕವನಿದ್ದಾಗ ಫುಟ್‌ಪಾತಿನಲ್ಲಿ ಕೊಂಡ ಹರಿದ ಸ್ನೋವೈಟ್ ಪುಸ್ತಕ ಮನೆಯಲ್ಲಿತ್ತು. ನಮ್ಮಜ್ಜಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಚಿತ್ರ ನೋಡ್ಕೊಂಡು ತಾನೇ ಕಥೆ ಕಟ್ಟೋರು. ಏಳು ಕುಳ್ಳರು ಕೋಲಾರದ ಚಿನ್ನದ ಗಣಿಗೆ ಇಳಿಯೋರು, ಸಂಜೆ ರೈಲಿಗೆ ಮನೆಗೆ ಬರೋರು. ಸೇಬು ಸೀಬೆಹಣ್ಣಾಗಿತ್ತು. ನನಗೆ ಇವತ್ತಿಗೂ ಸ್ನೋವೈಟ್ ಅಂದ್ರೆ ಆ ಸೀಬೆಹಣ್ಣೇ ನೆನಪಾಗೋದು. ಗ್ರಿಮ್ ಸೋದರರಿಗೆ, ಡಿಸ್ನಿಗೆ ಇದ್ದ ಹಕ್ಕು ನಮ್ಮಜ್ಜಿಗೂ ಇತ್ತು ಅಂತ ನಾನು ನಂಬಿದ್ದೀನಿ.

ಬರೆದ ಕೈಗಳು

ಒಳ್ಳೆಯದನ್ನು ಬರೆದ ಮೇಲೆ ಇನ್ನೊಂದು ಮುಖವನ್ನೂ ಬರೆಯಬೇಕು. ಡಿಸ್ನಿ ಸ್ಟುಡಿಯೋದಲ್ಲಿ ನೂರಾರು ಹೆಣ್ಣುಮಕ್ಕಳು ಸೆಲ್ಯುಲಾಯ್ಡ್ ಹಾಳೆಯ ಮೇಲೆ ಗೆರೆ ಎಳೆದು ಬಣ್ಣ ತುಂಬುತ್ತಿದ್ದರು. ಆದರೆ ಮುಖ್ಯ ಚಿತ್ರಕಾರರಾಗುವ ತರಬೇತಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಅಂತ 1938ರಲ್ಲಿ ಅರ್ಜಿ ಹಾಕಿದವರಿಗೆ ಕಾಗದ ಹೋಗಿತ್ತು. ಸಂಬಳದಲ್ಲಿ ತಾರತಮ್ಯ ಇತ್ತು. ಕೆಲಸ ಮಾಡಿದ ಎಷ್ಟೋ ಜನರ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ. ಸ್ನೋವೈಟ್‌ನ ರಾಣಿಗೆ ಜೀವ ತುಂಬಿದ ಆರ್ಟ್ ಬ್ಯಾಬಿಟ್ ಸಂಘ ಕಟ್ಟಲು ಹೊರಟಾಗ ಕೆಲಸದಿಂದ ತೆಗೆದರು. 1941ರ ಮೇ ತಿಂಗಳಲ್ಲಿ ಮುಷ್ಕರ ಶುರುವಾಯಿತು. ಕೊನೆಗೆ ಸಂಘವನ್ನು ಒಪ್ಪಲೇಬೇಕಾಯಿತು. ಆ ಕಹಿ ಡಿಸ್ನಿಯವರ ಮನಸ್ಸಿನಿಂದ ಹೋಗಲಿಲ್ಲ.

ಎರಡನೇ ಮಹಾಯುದ್ಧದಿಂದ ಯುರೋಪಿನ ಟಾಕೀಸುಗಳು ಕೈತಪ್ಪಿ ಸ್ಟುಡಿಯೋ ಸಾಲದಲ್ಲಿ ಮುಳುಗಿತು. ಅದನ್ನು ಎತ್ತಿದ್ದು ಸಿಂಡ್ರೆಲಾ. ಹೌದು, 20ರ ವಯಸ್ಸಿನಲ್ಲಿ ಕಾರು ಹತ್ತಿಸಿದ್ದ ಅದೇ ಹುಡುಗಿಯನ್ನು 1950ರಲ್ಲಿ ಕುಂಬಳಕಾಯಿ ರಥ ಹತ್ತಿಸಿದರು. ಕುಂಬಳಕಾಯಿ, ಗಾಜಿನ ಚಪ್ಪಲಿ 1697ರಲ್ಲಿ ಫ್ರಾನ್ಸಿನ ಪೆರೋ ಬರೆದ ಕಥೆಯಲ್ಲಿವೆ. ಗ್ರಿಮ್ ಕಥೆಯಲ್ಲಿ ಅಕ್ಕಂದಿರು ಚಪ್ಪಲಿಗೆ ಕಾಲು ಹಿಡಿಸಲು ಬೆರಳು, ಹಿಮ್ಮಡಿ ಕೊಯ್ದುಕೊಳ್ಳುತ್ತಾರೆ. ನಮ್ಮ ಕನ್ನಡದಲ್ಲೂ ಇಂಥ ಹುಡುಗಿ ಇದ್ದಾಳೆ. ಎ. ಕೆ. ರಾಮಾನುಜನ್ ಅವರು ಸಿಂಡ್ರೆಲಾ ಜೊತೆ ಇಟ್ಟು ನೋಡಿದ ಹಂಚಿಯ ಕಥೆ ಅದು. ಹಂಚಿ ತನ್ನ ಚೆಲುವನ್ನು ಮಣ್ಣಿನ ಮುಖವಾಡದಲ್ಲಿ ಮುಚ್ಚಿಕೊಂಡು ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಅಲ್ಲಿ ಗಾಜಿನ ಚಪ್ಪಲಿ ಬೇಕಾಗಿಯೇ ಇಲ್ಲ.

ಕೊನೆಯ ಸಿನಿಮಾ

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಕೊನೆಯ ದಿನಗಳಲ್ಲಿ ಅವರು ಜಂಗಲ್ ಬುಕ್ ಮೇಲೆ ಕೂತಿದ್ದರು. ಕಿಪ್ಲಿಂಗ್ ಬರೆದ, ನಮ್ಮ ಮಧ್ಯಪ್ರದೇಶದ ಸಿವನಿ ಕಾಡಿನ ಕಥೆ. ಪುಸ್ತಕದ ಹಾಗೆ ಗಂಭೀರವಾಗಿ ಬರೆದು ತಂದ ಚಿತ್ರಕಥೆಯನ್ನು ಒಪ್ಪದೆ, ಮಕ್ಕಳು ನಗುವ ಹಾಗೆ ಬದಲಾಯಿಸಿದರು. ಪುಸ್ತಕದಲ್ಲಿ ಮೌಗ್ಲಿಯ ಗೆಳೆಯನಾದ ಕಾ ಹೆಬ್ಬಾವು ಸಿನಿಮಾದಲ್ಲಿ ಅವನನ್ನೇ ನುಂಗಲು ಬರುತ್ತೆ! ಚಿತ್ರ 1967ರಲ್ಲಿ ಬಂತು. ನೋಡಲು ಅವರಿರಲಿಲ್ಲ. ಬಹಳ ಸಿಗರೇಟು ಸೇದುತ್ತಿದ್ದ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ 1966ರ ಡಿಸೆಂಬರ್ 15ರಂದು, 65ನೇ ವಯಸ್ಸಿನಲ್ಲಿ ತೀರಿಕೊಂಡರು. ಜೀವನದಲ್ಲಿ ಒಟ್ಟು 26 ಆಸ್ಕರ್ ಅವರಿಗೆ ಬಂದಿತ್ತು.

ಆ ಕಾಡು 2016ರಲ್ಲಿ ಮತ್ತೆ ತೆರೆಗೆ ಬಂತು. ಮೌಗ್ಲಿಯಾದ ಹುಡುಗ ನಿಜ. ಹುಲಿ, ಕರಡಿ, ಮರ ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು. ಆ ಕೆಲಸ ಮಾಡಿದ ಎಂಪಿಸಿ ಸಂಸ್ಥೆಯ ಬೆಂಗಳೂರಿನ ಕಲಾವಿದರೂ ಅದರಲ್ಲಿ ದುಡಿದಿದ್ದರು. ನಮ್ಮ ದೇಶದ ಕಾಡಿನ ಕಥೆ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗಿ, ಅದರ ಎಲೆ ಬಳ್ಳಿ ಬಿಡಿಸುವ ಕೆಲಸ ನಮ್ಮ ಊರಿಗೆ ವಾಪಸ್ ಬಂದಿತ್ತು! ಆ ಚಿತ್ರದ ವಿಶುಯಲ್ ಎಫೆಕ್ಟ್ಸ್‌ಗೆ 2017ರಲ್ಲಿ ಆಸ್ಕರ್ ಬಂತು. ಎಂಪಿಸಿಯ ಒಡೆತನ ಇದ್ದದ್ದು ಟೆಕ್ನಿಕಲರ್ ಹೆಸರಿನ ಕಂಪೆನಿಗೆ. 1932ರಲ್ಲಿ ಡಿಸ್ನಿಯ ಹೂಗಳಿಗೆ ಬಣ್ಣ ಕೊಟ್ಟ ಹೆಸರು ಅದು. 2025ರ ಫೆಬ್ರವರಿಯಲ್ಲಿ ಅದು ಕುಸಿಯಿತು. ಬೆಂಗಳೂರಿನ ಕಚೇರಿಯೂ ಮುಚ್ಚಿತು, ಕಲಾವಿದರು ಕೆಲಸ ಕಳಕೊಂಡರು. ಕಥೆ ಹೊಸದಾಗುತ್ತೆ, ಬರೆದ ಕೈಗಳ ಕಷ್ಟ ಮಾತ್ರ 1941ರದ್ದೇ.

ಮಕ್ಕಳೇ, ಹಳೆ ಕಥೆಯನ್ನು ಬದಲಾಯಿಸಬಹುದಾ ಅಂತ ಕೇಳಿದರೆ, ಧಾರಾಳವಾಗಿ ಅಂತ ನಾನು ಹೇಳ್ತೀನಿ. ಡಿಸ್ನಿಯವರು ಬದುಕಿಡೀ ಮಾಡಿದ್ದು ಅದನ್ನೇ. ಆದರೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಎದುರಿಗೆ ಕೂತ ಮಗುವಿಗಾಗಿ ಬದಲಾಯಿಸಿದ್ದೋ, ಬರೀ ಟಿಕೆಟ್ ಮಾರಲೋ? ಯಾರಿಗಾದರೂ ನೋವು ಕೊಡುತ್ತಿದ್ದ ಮಾತು ಹೋಯಿತೋ, ಇಲ್ಲ ಹೊಸ ನೋವು ಸೇರಿತೋ? ದುಡಿದವರ ಹೆಸರು, ಕೂಲಿ ಅವರಿಗೆ ಸಿಕ್ಕಿತೋ? ಈ ಮೂರಕ್ಕೆ ಸರಿಯಾದ ಉತ್ತರ ಇದ್ದರೆ ಹೊಸ ಸಿನಿಮಾ ಹಳೆಯದರಷ್ಟೇ ಅಸಲಿ.

ಮುಂದಿನ ಸಂಚಿಕೆಗೆ ನೀವೆಲ್ಲ ನಿಮ್ಮ ನಿಮ್ಮ ಅಜ್ಜಿ ಹೇಳಿದ ಒಂದು ಕಥೆ ಬರೆದು ತನ್ನಿ. ಅಜ್ಜಿ ಹೇಳಿದ ಹಾಗೆ ಒಂದು ಸಲ, ನಿಮ್ಮ ತಮ್ಮನಿಗೋ ತಂಗಿಗೋ ನೀವು ಹೇಳುವ ಹಾಗೆ ಇನ್ನೊಂದು ಸಲ. ಎರಡನ್ನೂ ಪಕ್ಕಪಕ್ಕದಲ್ಲಿ ಅಂಟಿಸೋಣ. ಕೆಳಗಡೆ ಅಜ್ಜಿ ಹೆಸರು ಬರೆಯೋದನ್ನ ಮರೀಬೇಡಿ.