ಸರ್ ಬೆನಗಲ್ ನರಸಿಂಗರಾಯರು

ನುಡಿಯೂ ನಡೆಯೂ ಒಂದಾಗಬೇಕೆಂಬುದು ಶರಣಧರ್ಮದ ತಿರುಳು. ಒಬ್ಬೊಬ್ಬ ಭಕ್ತನಿಗೆ ಸಲ್ಲುವ ಈ ನಿಯಮವು ನಾಡಿಗೂ ಸಲ್ಲುತ್ತದೆ. ರಾಜ್ಯಾಂಗವು ನಾಡಿನ ನುಡಿ. ಶಾಸನಸಭೆ, ನ್ಯಾಯಾಲಯ, ಗ್ರಾಮಪಂಚಾಯತಿಗಳು ಅದರ ನಡೆ. ಸ್ವತಂತ್ರ ಭಾರತದ ಆ ನುಡಿಗೆ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಸರ್ ಬೆನಗಲ್ ನರಸಿಂಗರಾಯರ ಬಾಳು ಈ ದೃಷ್ಟಿಯಿಂದ ಮನನಯೋಗ್ಯವಾಗಿದೆ.

ಮಂಗಳೂರು ಸೀಮೆಯ ಬೆನಗಲ್ ಮನೆತನದಲ್ಲಿ, ವೈದ್ಯರಾಗಿದ್ದ ರಾಘವೇಂದ್ರರಾಯರ ಪುತ್ರರಾಗಿ 1887ರ ಫೆಬ್ರವರಿ 26ರಂದು ಅವರು ಜನಿಸಿದರು. ಮದರಾಸಿನಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ವಿದ್ಯಾಭ್ಯಾಸ ಮುಗಿಸಿ, 1910ರಲ್ಲಿ ಐ.ಸಿ.ಎಸ್. ಸೇವೆಗೆ ಸೇರಿದರು. ಮುಂದೆ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1941ರಲ್ಲಿ ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಕವಾದ ಸಮಿತಿಯ ಅಧ್ಯಕ್ಷತೆ ವಹಿಸಿ, ಸ್ತ್ರೀಯರ ಆಸ್ತಿಯ ಹಕ್ಕಿನ ಪ್ರಶ್ನೆಗೆ ಶ್ರಮಿಸಿದರು. ಆ ಯತ್ನವು ಶಾಸನರೂಪದಲ್ಲಿ ಫಲಿಸಿದ್ದು ಅವರ ಕಾಲಾನಂತರ, 1955 ಮತ್ತು 1956ರಲ್ಲಿ.

1946ರಲ್ಲಿ ಅವರು ರಾಜ್ಯಾಂಗ ರಚನಾ ಸಭೆಯ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಮತಾಧಿಕಾರವಿರಲಿಲ್ಲ. ಆದರೂ ಅನೇಕ ದೇಶಗಳ ರಾಜ್ಯಾಂಗಗಳನ್ನು ಶೋಧಿಸಿ, ಸದಸ್ಯರ ಮುಂದೆ ಅವುಗಳ ಸಾರವನ್ನಿಟ್ಟು, 1947ರ ಅಕ್ಟೋಬರಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಉಳ್ಳ ಕರಡನ್ನು ಒಪ್ಪಿಸಿದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಪರಿಶೀಲಿಸಿ ತಿದ್ದಿ ಬೆಳೆಸಿತು. 395 ವಿಧಿಗಳ ರಾಜ್ಯಾಂಗವು 1949ರ ನವೆಂಬರ್ 26ರಂದು ಅಂಗೀಕೃತವಾಯಿತು. ಅದರ ಹಿಂದಿನ ದಿನ ಅಂಬೇಡ್ಕರರು, ತಮಗೆ ಸಂದ ಕೀರ್ತಿಯಲ್ಲಿ ರಾಯರಿಗೂ ಪಾಲಿದೆಯೆಂದು ಸಭೆಯಲ್ಲಿ ಮುಕ್ತಕಂಠದಿಂದ ಸಾರಿದರು.

ಕರಡನ್ನು ಒಪ್ಪಿಸಿದ ಬಳಿಕ ರಾಯರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ಅನುಭವಿಗಳೊಡನೆ ವಿಚಾರ ನಡೆಸಿದರು. ಪ್ರಜೆಯ ಜೀವ ಸ್ವಾತಂತ್ರ್ಯಗಳನ್ನು ಕಸಿಯುವ ಕ್ರಮವು ನ್ಯಾಯೋಚಿತವೇ ಎಂದು ನ್ಯಾಯಾಲಯಗಳು ಪರೀಕ್ಷಿಸುವ ಅಧಿಕಾರವು ಅಮೆರಿಕದ ರಾಜ್ಯಾಂಗದಲ್ಲಿತ್ತು. ಆದರೆ ಜನಹಿತದ ಶಾಸನಗಳನ್ನು ಅದೇ ಅಧಿಕಾರದಿಂದ ರದ್ದುಪಡಿಸಿದ ಉದಾಹರಣೆಗಳೂ ಅಲ್ಲಿದ್ದವು. ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಇದರ ಅಪಾಯವನ್ನು ತಿಳಿಸಿದರು. ಅದು ರಾಯರ ಮನಸ್ಸಿಗೆ ಒಪ್ಪಿತು. ಕೊನೆಗೆ 21ನೆಯ ವಿಧಿಯಲ್ಲಿ, ಕಾನೂನು ವಿಧಿಸಿದ ಕ್ರಮವಿದ್ದರೆ ಸಾಕೆಂಬ ಅರ್ಥದ ಮಾತು ನಿಂತಿತು.

ಕೆಲವೇ ಪದಗಳ ಬದಲಾವಣೆ. ಅದರ ಪರಿಣಾಮ ಮಾತ್ರ ಗುರುತರವಾಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಎ. ಕೆ. ಗೋಪಾಲನ್ನರ ಮೊಕದ್ದಮೆಯಲ್ಲಿ, ಕಾನೂನಿನ ಕ್ರಮವು ನ್ಯಾಯವೋ ಅನ್ಯಾಯವೋ ಎಂಬುದನ್ನು ತಾನು ತೂಗಲಾರೆನೆಂದು ಸರ್ವೋಚ್ಚ ನ್ಯಾಯಾಲಯವು 1950ರಲ್ಲಿ ತೀರ್ಮಾನಿಸಿತು. ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, 1978ರಲ್ಲಿ, ಆ ಕ್ರಮವು ನ್ಯಾಯಸಮ್ಮತವೂ ಯುಕ್ತವೂ ಆಗಿರಲೇಬೇಕೆಂದು ಅದೇ ನ್ಯಾಯಾಲಯ ಹೇಳಿತು. ರಾಜ್ಯಾಂಗದ ಅಕ್ಷರ ಅದೇ ಉಳಿಯಿತು. ಅದನ್ನು ಅರ್ಥಮಾಡಿಕೊಂಡ ಬಗೆ ಬದಲಾಯಿತು. ಈ ನಡುವಿನ ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟೋ ಮಂದಿ ಬಂದಿಗಳಿಗೆ ಆ ರಕ್ಷಣೆ ದೊರಕಲಿಲ್ಲ. ರಾಯರ ಉದ್ದೇಶವು ಶುದ್ಧವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಸದುದ್ದೇಶದಿಂದ ಆಡಿದ ನುಡಿಗೂ ಫಲದ ಹೊಣೆಯುಂಟು.

ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳಬಹುದಾದ ಹಕ್ಕುಗಳನ್ನೂ ಸರಕಾರಕ್ಕೆ ದಾರಿ ತೋರುವ ತತ್ತ್ವಗಳನ್ನೂ ಬೇರೆಬೇರೆಯಾಗಿರಿಸುವ ಪದ್ಧತಿಗೆ ಐರ್ಲೆಂಡಿನ 1937ರ ರಾಜ್ಯಾಂಗ ಮಾದರಿಯಾಯಿತು. ಗ್ರಾಮಪಂಚಾಯತಿಗಳ ವಿಷಯವನ್ನು ಸಭೆಯು 40ನೆಯ ವಿಧಿಯಾಗಿ ಈ ಎರಡನೆಯ ಭಾಗದಲ್ಲಿ ಸೇರಿಸಿತು. ಬಲಾತ್ಕರಿಸಲಾಗದ ಆ ಮಾತು ಬಹುಕಾಲ ಹಾರೈಕೆಯಾಗಿಯೇ ಉಳಿಯಿತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಹಳ್ಳಿಯ ಸ್ವಯಮಾಡಳಿತಕ್ಕೆ ರಾಜ್ಯಾಂಗದ ಆಧಾರ ಭದ್ರವಾಯಿತು.

ರಾಯರು 1947ರಲ್ಲಿ ಬರ್ಮಾದ ರಾಜ್ಯಾಂಗ ರಚನೆಗೂ ನೆರವಾದರು. ಸಂಯುಕ್ತ ರಾಷ್ಟ್ರಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದು, ಬಳಿಕ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರ ನವೆಂಬರ್ 30ರಂದು ಜ್ಯೂರಿಚ್ಚಿನಲ್ಲಿ ದೇಹವಿಟ್ಟರು.

ತನ್ನ ಹೆಸರು ಮುಂದೆ ಬರಲೆಂಬ ಹಂಬಲವಿಲ್ಲದೆ ಮಾಡಿದ ಕೆಲಸವೇ ಕಾಯಕ. ರಾಯರ ಸೇವೆ ಅಂಥದು. ನಾಡಿನ ನುಡಿಯನ್ನು ಅವರಂಥವರು ಬರೆದುಕೊಟ್ಟರು. ಅದನ್ನು ನಡೆಯಾಗಿಸುವ ಹೊಣೆ ಗ್ರಾಮಸಭೆಯಲ್ಲಿ ಕುಳಿತು ಮಾತಾಡಬಲ್ಲ, ಮತ ನೀಡಬಲ್ಲ ಪ್ರತಿಯೊಬ್ಬ ಗೃಹಸ್ಥನದು. ಊರ ಪಂಚಾಯತಿಯಲ್ಲಿ ಬಡವನ ಮಾತಿಗೆ ಕಿವಿಗೊಡದವನು ರಾಜ್ಯಾಂಗವನ್ನು ಎಷ್ಟು ಕೊಂಡಾಡಿದರೂ ಅದು ಬರಿಯ ನುಡಿ. ಕಿವಿಗೊಟ್ಟ ದಿನ ಅದು ನಡೆಯಾಗುತ್ತದೆ.