ಬೋಸರ ಕಿರು ಅಲೆಗಳು, ನಮ್ಮ ದೀರ್ಘ ಕಡತಗಳು

ಐದನೇ ತಲೆಮಾರಿನ ಮೊಬೈಲ್ ಸೇವೆಗಾಗಿ 2022ರಲ್ಲಿ ನಡೆದ ತರಂಗಾಂತರ ಹರಾಜಿನಲ್ಲಿ ಕೇಂದ್ರ ಸರ್ಕಾರಕ್ಕೆ ಸುಮಾರು 1.5 ಲಕ್ಷ ಕೋಟಿ ರೂಪಾಯಿ ಮೊತ್ತದ ಬಿಡ್‌ಗಳು ಬಂದವು. ಆಗ ಮಾರಾಟವಾದವುಗಳಲ್ಲಿ 26 ಗಿಗಾಹರ್ಟ್ಸ್ ತರಂಗಾಂತರವೂ ಒಂದು. ಅದರ ಅಲೆಯ ಉದ್ದ ಸುಮಾರು 11.5 ಮಿಲಿಮೀಟರ್. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಕಿರುಕೋಣೆಯಲ್ಲಿ ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಸೃಷ್ಟಿಸಿ ಪರೀಕ್ಷಿಸಿದ್ದು 5ರಿಂದ 25 ಮಿಲಿಮೀಟರ್ ಉದ್ದದ ಅಲೆಗಳನ್ನು. ನಾವು ಇತ್ತೀಚೆಗೆ ಬೆಲೆ ಕಟ್ಟಿದ ಈ ಕ್ಷೇತ್ರದಲ್ಲಿ ಅವರು ಶತಮಾನಕ್ಕೂ ಹಿಂದೆಯೇ ಓಡಾಡಿ ಬಂದಿದ್ದರು.

1858ರಲ್ಲಿ ಪೂರ್ವ ಬಂಗಾಳದಲ್ಲಿ ಜನಿಸಿದ ಬೋಸರ ತಂದೆ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಸರ್ಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಇಂಗ್ಲಿಷ್ ಶಾಲೆಗೆ ಬದಲು, ರೈತರ ಮತ್ತು ಬೆಸ್ತರ ಮಕ್ಕಳು ಕಲಿಯುತ್ತಿದ್ದ ಬಂಗಾಳಿ ಶಾಲೆಗೆ ಮೊದಲು ಸೇರಿಸಿದರು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿದ ಬೋಸರು 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದರು. ಅಲ್ಲಿ ಐರೋಪ್ಯರಿಗಿದ್ದ ವೇತನ ಭಾರತೀಯರಿಗಿರಲಿಲ್ಲ. ಇದನ್ನು ಪ್ರತಿಭಟಿಸಿ ಅವರು ಮೂರು ವರ್ಷ ಸಂಬಳವನ್ನೇ ಮುಟ್ಟಲಿಲ್ಲ, ಆದರೆ ಒಂದು ದಿನವೂ ಪಾಠ ನಿಲ್ಲಿಸಲಿಲ್ಲ. ಕೊನೆಗೆ ಸರ್ಕಾರ ಪೂರ್ಣ ವೇತನವನ್ನು ಬಾಕಿಸಹಿತ ನೀಡಬೇಕಾಯಿತು.

ಅವರ ಪ್ರಯೋಗಕ್ಕೆ ಸುಸಜ್ಜಿತ ಪ್ರಯೋಗಾಲಯವಿರಲಿಲ್ಲ. ಸ್ಥಳೀಯ ಕುಶಲಕರ್ಮಿಯ ನೆರವಿನಿಂದ, ಸ್ವಂತ ಖರ್ಚಿನಲ್ಲಿ ಉಪಕರಣಗಳು ರೂಪುಗೊಂಡವು. ಬ್ರಾಡ್‌ಷಾ ರೈಲ್ವೆ ವೇಳಾಪಟ್ಟಿಯ ಪುಟಗಳ ನಡುವೆ ತವರದ ತೆಳುಹಾಳೆ ಸೇರಿಸಿ ಅಲೆಗಳನ್ನು ಧ್ರುವೀಕರಿಸುವ ಸಾಧನ ಮಾಡಿಕೊಂಡರು. ಹೊಸೆದ ಸೆಣಬಿನ ಎಳೆಗಳನ್ನು ಬಳಸಿ ಅಲೆಗಳ ಧ್ರುವೀಕರಣದ ದಿಕ್ಕು ತಿರುಗುವುದನ್ನು ತೋರಿಸಿದರು. ಅಲೆಗಳನ್ನು ಹಿಡಿದಿಡಲು ಅವರು ಬಳಸಿದ ಆಲಿಕೆಯಂಥ ಕೊಳವೆಯೇ ಇಂದಿನ ಹಾರ್ನ್ ಆಂಟೆನಾದ ಪೂರ್ವಜ. 1895ರಲ್ಲಿ ಕೋಲ್ಕತ್ತದ ಸಾರ್ವಜನಿಕರೆದುರು ತಂತಿಯ ಸಂಪರ್ಕವಿಲ್ಲದೆ ದೂರದ ಗಂಟೆ ಬಾರಿಸಿದರು, ಸಿಡಿಮದ್ದು ಹೊತ್ತಿಸಿದರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ನೀಡಿದರು.

ಅದೇ ಕಾಲದಲ್ಲಿ ಮಾರ್ಕೋನಿ ಉದ್ದದ ಅಲೆಗಳ ಬೆನ್ನುಹತ್ತಿದ್ದರು. ಹಡಗು ಮತ್ತು ದಡದ ನಡುವೆ ಸುದ್ದಿ ಸಾಗಿಸುವ ಸೇವೆಗೆ ಹಣ ಕೊಡುವವರಿದ್ದರು. ಕಿರು ಅಲೆಗಳಿಗೆ ಅಂಥ ಗಿರಾಕಿಯೇ ಇರಲಿಲ್ಲ. ಅವು ದೂರ ಸಾಗಲಾರವು. ಗೋಡೆ, ಮರ, ಮಳೆ ಎಲ್ಲವೂ ಅವಕ್ಕೆ ಅಡ್ಡಿ. ಕೆಳಗಿನ ತರಂಗಾಂತರಗಳೆಲ್ಲ ಕಿಕ್ಕಿರಿದು, ಹೆಚ್ಚು ಮಾಹಿತಿ ಹೊರುವ ವಿಶಾಲ ಪಟ್ಟಿಗಳ ಅಗತ್ಯ ಉಂಟಾದ ಮೇಲೆಯೇ ಮೊಬೈಲ್ ಜಗತ್ತು ಇತ್ತ ತಿರುಗಿತು. ಆರನೇ ತಲೆಮಾರಿನ ಸಂಶೋಧನೆ ಇದಕ್ಕಿಂತಲೂ ಕಿರಿದಾದ ಅಲೆಗಳತ್ತ ಸಾಗುತ್ತಿದೆ.

ಪೇಟೆಂಟ್ ಎಂದರೆ ಬೋಸರಿಗೆ ಹಿಂಜರಿಕೆ. ಜ್ಞಾನ ಎಲ್ಲರ ಸ್ವತ್ತೆಂಬುದು ಅವರ ನಿಲುವು. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯದಿಂದ, ಗೆಲೀನಾ ಹರಳಿನ ಗ್ರಾಹಕ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಬಂದಿತು. ಅದರಿಂದ ಹಣ ಮಾಡಲು ಅವರು ಮುಂದಾಗಲಿಲ್ಲ. ಈ ತ್ಯಾಗವನ್ನು ನಾವು ಭಾಷಣಗಳಲ್ಲಿ ಕೊಂಡಾಡುತ್ತೇವೆ. ಆದರೆ ಅರ್ಥಶಾಸ್ತ್ರ ಓದಿದ ನನಗೆ ಅದಕ್ಕಿಂತ ದೊಡ್ಡ ನಷ್ಟವೊಂದು ಕಾಣುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೋಸರು ಸಸ್ಯಗಳ ಸಂವೇದನೆಯತ್ತ ಹೊರಳಿದಾಗ, ಅವರ ಅಲೆಗಳ ಅಧ್ಯಯನವನ್ನು ಮುಂದುವರಿಸುವ ತಂಡವಾಗಲಿ ಸಂಸ್ಥೆಯಾಗಲಿ ಇರಲಿಲ್ಲ. ಬೋಸ್ ಸಂಸ್ಥೆ ಸ್ಥಾಪನೆಯಾದದ್ದು 1917ರಲ್ಲಿ. ಕೋಲ್ಕತ್ತದಲ್ಲಿ ರೇಡಿಯೊ ಸಂಶೋಧನೆಗೆ ಮತ್ತೆ ಜೀವ ಬಂದದ್ದು 1920ರ ದಶಕದಲ್ಲಿ, ಶಿಶಿರ್ ಕುಮಾರ್ ಮಿತ್ರ ಅವರಿಂದ. ಬೋಸರು 1937ರಲ್ಲಿ ನಿಧನರಾದರು.

ಸೇವೆಯಲ್ಲಿದ್ದಾಗ ಸಂಶೋಧನಾ ಅನುದಾನದ ಹಲವು ಕಡತಗಳು ನನ್ನ ಮೇಜಿನ ಮೇಲೆ ಹಾದುಹೋದವು. ಫಲಾನುಭವಿಗಳೆಷ್ಟು, ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ ಬಂದಿದೆಯೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಅಂಕಣಗಳಿದ್ದವು. ಫಲ ಇಪ್ಪತ್ತು ವರ್ಷಗಳ ನಂತರ ಬರಬಹುದು ಎಂದು ಬರೆಯಲು ಅಂಕಣವಿರಲಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೇ ಬೇಕು. ಆದರೆ ಸೇತುವೆಯ ಗುತ್ತಿಗೆಗೆ ಹಾಕುವ ಅಳತೆಗೋಲನ್ನು ಪ್ರಯೋಗಾಲಯಕ್ಕೂ ಹಾಕಿದರೆ, ಈಗಾಗಲೇ ಗೊತ್ತಿರುವ ಉತ್ತರಗಳಿಗಷ್ಟೇ ಹಣ ದೊರೆಯುತ್ತದೆ.

2020–21ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ನಾವು ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು. ಆರನೇ ತಲೆಮಾರಿನ ತಂತ್ರಜ್ಞಾನದ ಮುನ್ನೋಟ ಪತ್ರವನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿತು. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಯೂ ಅದೇ ವರ್ಷದ್ದು. ಇವು ಸ್ವಾಗತಾರ್ಹ. ಆದರೆ ತರಂಗಾಂತರ ಮಾರಿ ಬರುವ ಹಣದಲ್ಲಿ ಒಂದು ನಿಶ್ಚಿತ ಪಾಲು ವರ್ಷ ತಪ್ಪದೆ ಸಂವಹನ ಸಂಶೋಧನೆಗೆ ಮೀಸಲಾಗಬೇಕು. ಯೋಜನೆಯ ಮುಖ್ಯಸ್ಥರು ಬದಲಾದರೂ ತಂಡ, ಉಪಕರಣ ಮತ್ತು ಶಿಷ್ಯಪರಂಪರೆ ಉಳಿಯುವ ಏರ್ಪಾಡಾಗಬೇಕು. ಬೋಸರಂಥ ಪ್ರತಿಭೆಯನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ಸೃಷ್ಟಿಸಲಾರದು. ಅಂಥವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಅಲ್ಲಿಗೇ ನಿಲ್ಲದಂತೆ ನೋಡಿಕೊಳ್ಳುವುದಂತೂ ಸರ್ಕಾರದ ಕೈಯಲ್ಲೇ ಇದೆ.