47 ವರ್ಷದ ಹಳೇ ಬೈಕು, 68 ವರ್ಷದ ಸವಾರ: ಬಿಡಿಭಾಗ ಸಿಗದಿದ್ದಾಗ ತಾವೇ ಎರಕ ಹೊಯ್ದ ಬರ್ಟ್ ಮನ್ರೊ

1967ರ ಆಗಸ್ಟ್ 26. ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಮೀನಿನಾಕಾರದ ಹೊದಿಕೆ ತೊಟ್ಟ ಒಂದು ಮೋಟಾರ್‌ಸೈಕಲ್ ಗಂಟೆಗೆ ಸರಾಸರಿ 295 ಕಿ.ಮೀ. ವೇಗದಲ್ಲಿ ಓಡಿ, 1000 ಸಿಸಿ ಒಳಗಿನ ವಿಭಾಗದಲ್ಲಿ ದಾಖಲೆ ಬರೆಯಿತು. ಆ ಬೈಕಿಗೆ ಆಗ 47 ವರ್ಷ. ಒಳಗೆ ಮುದುಡಿ ಮಲಗಿದ್ದ ಸವಾರನಿಗೆ 68 ವರ್ಷ. ಬೈಕಿನ ಹೆಸರು ಇಂಡಿಯನ್ ಸ್ಕೌಟ್, ಸವಾರ ನ್ಯೂಜಿಲೆಂಡಿನ ಬರ್ಟ್ ಮನ್ರೊ.

ಹೆಸರು ನೋಡಿ ಇದು ಭಾರತದ ಬೈಕು ಎಂದುಕೊಳ್ಳಬೇಡಿ. ಇಂಡಿಯನ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಯಾರಾಗುತ್ತಿದ್ದ ಬೈಕು. 1920ರಲ್ಲಿ ಮಾರುಕಟ್ಟೆಗೆ ಬಂದ ಸ್ಕೌಟ್ ಮಾದರಿಯ ಎಂಜಿನ್ ಸುಮಾರು 600 ಸಿಸಿಯದ್ದು. ಕಾರ್ಖಾನೆಯಿಂದ ಹೊರಬಂದಾಗ ಅದರ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಸಹ ಇರಲಿಲ್ಲ. ಅಷ್ಟು ಸಾಧಾರಣ ಬೈಕು ಅದರ ಮೂರು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡಿದ್ದು ಹೇಗೆ? ಉತ್ತರ ಯಾವ ಕಂಪನಿಯಲ್ಲೂ ಇಲ್ಲ, ಒಬ್ಬ ಮನುಷ್ಯನ ಶೆಡ್ಡಿನಲ್ಲಿದೆ.

ಬದುಕುವುದೇ ಅನುಮಾನ ಎಂದಿದ್ದರು

ಹರ್ಬರ್ಟ್ ಜೇಮ್ಸ್ ಮನ್ರೊ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ. ಜೊತೆಗೆ ಹುಟ್ಟಿದ ಅವಳಿ ಸಹೋದರಿ ಹೆರಿಗೆಯಲ್ಲೇ ತೀರಿಕೊಂಡಳು. ಈ ಮಗುವೂ ಎರಡು ವರ್ಷ ದಾಟುವುದು ಕಷ್ಟ ಎಂದು ವೈದ್ಯರು ಹೆತ್ತವರಿಗೆ ತಿಳಿಸಿದ್ದರು. ಮಗು ಉಳಿಯಿತು, ಎಡೆಂಡೇಲ್‌ನ ಹೊಲಮನೆಯಲ್ಲಿ ಬೆಳೆಯಿತು. ತಂದೆ ಬೈದರೂ ಮನೆಯಲ್ಲಿದ್ದ ಕುದುರೆಗಳಲ್ಲಿ ಎಲ್ಲಕ್ಕಿಂತ ವೇಗದ್ದನ್ನೇ ಹತ್ತಿ ಓಡಿಸುವುದು ಹುಡುಗನ ಅಭ್ಯಾಸವಾಗಿತ್ತು. ಬರ್ಟ್ ಎಂಬ ಕರೆಹೆಸರನ್ನು ಇಂಗ್ಲಿಷ್‌ನಲ್ಲಿ ಅವರು ಬರೆಯುತ್ತಿದ್ದ ರೀತಿಯೇ ಬೇರೆ. 1950ರ ದಶಕದಲ್ಲಿ ಅಮೆರಿಕದ ಪತ್ರಿಕೆಯೊಂದು ಒಂದಕ್ಷರ ತಪ್ಪಾಗಿ ಅಚ್ಚು ಹಾಕಿತು. ಮನ್ರೊ ಆ ತಪ್ಪನ್ನೇ ತಮ್ಮ ಹೆಸರಾಗಿ ಉಳಿಸಿಕೊಂಡರು.

1920ರಲ್ಲಿ ಅವರು ಹೊಚ್ಚ ಹೊಸ ಇಂಡಿಯನ್ ಸ್ಕೌಟ್ ಕೊಂಡರು. ಎಂಜಿನ್ ಸಂಖ್ಯೆ 50ಆರ್627. ಆ ಮಾದರಿಯ ಮೊದಮೊದಲ ಬೈಕುಗಳಲ್ಲಿ ಅದೂ ಒಂದು. 1926ರಲ್ಲಿ ಅದನ್ನು ಬಿಚ್ಚಿ ಮಾರ್ಪಡಿಸಲು ಕುಳಿತರು. ಆ ಕೆಲಸ ಮುಂದೆ ಸುಮಾರು ಅರ್ಧ ಶತಮಾನ ನಡೆಯಿತು.

ಟ್ರ್ಯಾಕ್ಟರ್ ಆಕ್ಸಲ್‌ನಿಂದ ಕನೆಕ್ಟಿಂಗ್ ರಾಡ್

ಹಳೇ ಬೈಕು ಸಾಕಿದವರಿಗೆಲ್ಲ ಗೊತ್ತಿರುವ ಕಷ್ಟ ಒಂದೇ. ಗಾಡಿ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ಮನ್ರೊ ಅವರ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಸ್ಪ್ರಿಂಗ್‌ಫೀಲ್ಡ್ ಭೂಗೋಳದ ಇನ್ನೊಂದು ಬದಿಯಲ್ಲಿತ್ತು, 1953ರಲ್ಲಿ ಆ ಕಾರ್ಖಾನೆಯೇ ಉತ್ಪಾದನೆ ನಿಲ್ಲಿಸಿತು. ಒಂದು ವೇಳೆ ಅಸಲಿ ಭಾಗ ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ. 90 ಕಿ.ಮೀ. ವೇಗಕ್ಕೆ ಮಾಡಿದ ಪಿಸ್ಟನ್ 200 ಕಿ.ಮೀ. ವೇಗದಲ್ಲಿ ಉಳಿಯುವುದಿಲ್ಲ.

ಹಾಗಾಗಿ ಎಲ್ಲವನ್ನೂ ತಾವೇ ಮಾಡಿಕೊಂಡರು. ಹಳೇ ತಗಡಿನ ಡಬ್ಬಿಗಳನ್ನೇ ಅಚ್ಚು ಮಾಡಿಕೊಂಡು ಎರಕ ಹೊಯ್ದರು. ಪಿಸ್ಟನ್, ಸಿಲಿಂಡರ್, ಫ್ಲೈವೀಲ್, ಕ್ಯಾಮ್, ಆಯಿಲ್ ಹರಿಯುವ ವ್ಯವಸ್ಥೆ ಎಲ್ಲವೂ ಅವರ ಕೈಕೆಲಸ. ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಆಕ್ಸಲ್ ತಂದು, ಕೊರೆದು, ಅರ ಹಾಕಿ ಉಜ್ಜಿ, ಕಾಯಿಸಿ ಹದ ಮಾಡಿ ಕನೆಕ್ಟಿಂಗ್ ರಾಡ್ ತಯಾರಿಸಿದರು. ಕೂದಲೆಳೆಯ ಲೆಕ್ಕದಲ್ಲಿ ಅಳೆಯಬೇಕಾದ ಮೈಕ್ರೋಮೀಟರನ್ನೂ ಚಕ್ರದ ಹಳೇ ಕಡ್ಡಿಯಿಂದ ಮಾಡಿಕೊಂಡಿದ್ದರು.

ಎಂಜಿನ್ನಿನ ವಿನ್ಯಾಸವೇ ಬದಲಾಯಿತು. ಸಿಲಿಂಡರಿನ ಪಕ್ಕದಲ್ಲಿದ್ದ ವಾಲ್ವ್‌ಗಳು ಮೇಲಕ್ಕೆ ಬಂದವು. ಇದರಿಂದ ಗಾಳಿ ಮತ್ತು ಪೆಟ್ರೋಲ್ ಮಿಶ್ರಣ ಸರಾಗವಾಗಿ ಒಳಹರಿದು ಹೆಚ್ಚು ಶಕ್ತಿ ಬರುತ್ತದೆ. ಎರಡು ಕ್ಯಾಮ್ ಇದ್ದಲ್ಲಿ ನಾಲ್ಕು ಬಂದವು. 600 ಸಿಸಿಯ ಎಂಜಿನ್ ಕೊನೆಗೆ ಸುಮಾರು 950 ಸಿಸಿಗೆ ಬೆಳೆಯಿತು.

ಆದರೆ ಶಕ್ತಿ ಹೆಚ್ಚಿದಂತೆಲ್ಲ ಎಂಜಿನ್ ಒಡೆಯುವುದೂ ಹೆಚ್ಚಿತು. ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಹೋಗಿ ನಿಂತು, ತಿರುಗಿ ಕೆಳಗೆ ಬರುತ್ತದೆ. ಅದನ್ನು ಎಳೆದು ತಳ್ಳುವ ರಾಡ್ ಒಮ್ಮೆ ತುಂಡಾದರೆ ಕ್ಷಣಾರ್ಧದಲ್ಲಿ ಎಂಜಿನ್ನಿನ ಹೊಟ್ಟೆ ಸೀಳಿ ಹೊರಬರುತ್ತದೆ. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದೇ ಓಟದಲ್ಲಿ ಚೂರಾಗುತ್ತಿತ್ತು. ಮನ್ರೊ ಆ ಚೂರುಗಳನ್ನು ಎಸೆಯಲಿಲ್ಲ. ಕರಗಿದ ಪಿಸ್ಟನ್, ಮುರಿದ ರಾಡುಗಳನ್ನು ಶೆಡ್ಡಿನ ಕಪಾಟಿನಲ್ಲಿ ಜೋಡಿಸಿಟ್ಟು, ಅವೆಲ್ಲ ವೇಗದ ದೇವರಿಗೆ ಅರ್ಪಿಸಿದ ಕಾಣಿಕೆ ಎಂದು ಬರೆದಿಟ್ಟಿದ್ದರು. ಅದು ತಮಾಷೆಯೂ ಹೌದು, ಲೆಕ್ಕದ ಪುಸ್ತಕವೂ ಹೌದು. ಯಾವ ಭಾಗ ಎಲ್ಲಿ ಸೋತಿತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಕಳೆದುಕೊಂಡಿದ್ದೂ ಕಡಿಮೆಯಲ್ಲ

ಈ ಹುಚ್ಚಿಗೆ ಬೆಲೆ ಇರಲಿಲ್ಲವೆಂದಲ್ಲ. 1927ರಲ್ಲಿ ಬೆರಿಲ್ ಅವರನ್ನು ಮದುವೆಯಾದ ಮನ್ರೊ ಅವರಿಗೆ ನಾಲ್ವರು ಮಕ್ಕಳು. ಹಗಲೆಲ್ಲ ಮೋಟಾರ್‌ಸೈಕಲ್ ಮಾರಾಟದ ಕೆಲಸ, ರಾತ್ರಿಯೆಲ್ಲ ಶೆಡ್ಡಿನಲ್ಲಿ ಲೋಹದ ಜೊತೆ ಗುದ್ದಾಟ. ಎಷ್ಟೋ ದಿನ ರಾತ್ರಿ ಕಳೆದು ಬೆಳಗಾಗುತ್ತಿತ್ತು. 1940ರ ದಶಕದಲ್ಲಿ ದಾಂಪತ್ಯ ಮುರಿಯಿತು. ಮುಂದೆ ನೌಕರಿಯನ್ನೂ ಬಿಟ್ಟು, ಗ್ಯಾರೇಜನ್ನೇ ಮನೆ ಮಾಡಿಕೊಂಡರು. ಮಂಚ ಒಂದು ಕಡೆ, ಬೈಕು ಇನ್ನೊಂದು ಕಡೆ. ಇಂಡಿಯನ್ ಜೊತೆಗೆ 1936ರ ವೆಲೊಸೆಟ್ ಬೈಕೊಂದು ಮಾತ್ರ ಅವರ ಸಂಗಾತಿಯಾಗಿತ್ತು. ಅವರ ಸಾಹಸವನ್ನು ಮೆಚ್ಚುವವರು ಈ ಪುಟವನ್ನು ಹಾರಿಸಿ ಓದುವುದುಂಟು. ಆದರೆ ಆ ಬೈಕು ಓಡಿದ್ದು ಕುಟುಂಬಕ್ಕೆ ಸಿಗಬೇಕಾಗಿದ್ದ ಸಮಯದ ಮೇಲೂ ಹೌದು.

ಓರೆಟಿ ಬೀಚ್‌ನಿಂದ ಉಪ್ಪಿನ ಬಯಲಿಗೆ

ಇನ್ವರ್‌ಕಾರ್ಗಿಲ್ ಬಳಿಯ ಓರೆಟಿ ಕಡಲತೀರವೇ ಮನ್ರೊ ಅವರ ಪರೀಕ್ಷಾ ಕಣ. 1938ರಲ್ಲಿ ಮೊದಲ ಬಾರಿ ನ್ಯೂಜಿಲೆಂಡಿನ ವೇಗದ ದಾಖಲೆ ಮಾಡಿದರು, ನಂತರ ಇನ್ನೂ ಹಲವು ದಾಖಲೆಗಳು ಸೇರಿದವು. 1957ರಲ್ಲಿ ಓರೆಟಿ ಮರಳಿನ ಮೇಲೆ ಗಂಟೆಗೆ 211 ಕಿ.ಮೀ. ಮುಟ್ಟಿದರು. ಅದಕ್ಕಿಂತ ವೇಗ ಬೇಕೆಂದರೆ ಇನ್ನೂ ಉದ್ದದ, ಸಮತಟ್ಟಾದ ನೆಲ ಬೇಕು. ಹಾಗಾಗಿ ಬಾನೆವಿಲ್‌ನತ್ತ ಕಣ್ಣು ಹಾಯಿಸಿದರು. ಮೊದಲು ಪ್ರೇಕ್ಷಕರಾಗಿ ಹೋಗಿ ನೋಡಿ ಬಂದರು. 1962ರಲ್ಲಿ ಬೈಕಿನೊಂದಿಗೆ ಇಳಿದು, 63ನೇ ವಯಸ್ಸಿನಲ್ಲಿ ಗಂಟೆಗೆ 288 ಕಿ.ಮೀ. ವೇಗದ ದಾಖಲೆ ಮಾಡಿದರು. 1966ರಲ್ಲಿ ಇನ್ನೊಂದು, 1967ರಲ್ಲಿ ಮತ್ತೊಂದು. ಆ ಕೊನೆಯ ವರ್ಷದ ಅರ್ಹತಾ ಓಟದಲ್ಲಿ ಬೈಕು ಒಂದು ದಿಕ್ಕಿನಲ್ಲಿ ಗಂಟೆಗೆ 305 ಕಿ.ಮೀ. ದಾಟಿತ್ತು.

ಹಳೇ ಚೌಕಟ್ಟು ಅಂಥ ವೇಗಕ್ಕೆ ಹುಟ್ಟಿದ್ದಲ್ಲ. 1967ರ ಒಂದು ಓಟದ ನಡುವೆ ಬೈಕು ಓಲಾಡತೊಡಗಿತು. ವೇಗ ತಗ್ಗಿಸಲು ಮನ್ರೊ ಮೈಯೆತ್ತಿ ಕುಳಿತರು. ಗಾಳಿಯ ಹೊಡೆತಕ್ಕೆ ಕನ್ನಡಕ ಕಿತ್ತುಹೋಗಿ ಕಣ್ಣೇ ಕಾಣದಾಯಿತು. ದಾರಿ ತಪ್ಪಿದ ಬೈಕು ಉಕ್ಕಿನ ಗುರುತುಗೂಟವೊಂದಕ್ಕೆ ಡಿಕ್ಕಿ ಹೊಡೆಯುವುದು ಅಂಗುಲಗಳ ಅಂತರದಲ್ಲಿ ತಪ್ಪಿತು. ಕೊನೆಗೆ ಬೈಕನ್ನು ನೆಲಕ್ಕೆ ಒರಗಿಸಿ ಜಾರಿಸಿದರು. ತರಚು ಗಾಯಗಳಷ್ಟೇ ಆದವು.

ಸಿನಿಮಾ ಬೇರೆ, ದಾಖಲೆ ಬೇರೆ

2005ರಲ್ಲಿ ತೆರೆಕಂಡ ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್ ಚಿತ್ರದಲ್ಲಿ ಆಂಥನಿ ಹಾಪ್ಕಿನ್ಸ್ ಮನ್ರೊ ಪಾತ್ರ ಮಾಡಿದ ಮೇಲೆ ಅವರ ಹೆಸರು ಜಗತ್ತಿಗೆಲ್ಲ ತಿಳಿಯಿತು. ನಿರ್ದೇಶಕ ರೋಜರ್ ಡೊನಾಲ್ಡ್‌ಸನ್, ಮನ್ರೊ ಬದುಕಿದ್ದಾಗಲೇ ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದವರು. ಸಿನಿಮಾ ಎಲ್ಲವನ್ನೂ ಒಂದೇ ಪ್ರಯಾಣದ ಕಥೆಯಾಗಿ ಹೇಳುತ್ತದೆ. ನಿಜದಲ್ಲಿ ಮನ್ರೊ ಬಾನೆವಿಲ್‌ಗೆ ಸುಮಾರು ಹತ್ತು ಬಾರಿ ಹೋಗಿದ್ದರು. ಗಂಟೆಗೆ 200 ಮೈಲಿ ದಾಟಿದ್ದು ಅಧಿಕೃತ ದಾಖಲೆಯಲ್ಲಿಲ್ಲ.

ಇರುವ ದಾಖಲೆಯಲ್ಲೂ ಒಂದು ಲೆಕ್ಕದ ತಪ್ಪಿತ್ತು. ಎರಡು ದಿಕ್ಕಿನ ಓಟಗಳ ಸರಾಸರಿ ತೆಗೆಯುವಾಗ ಆದ ತಪ್ಪನ್ನು ಮಗ ಜಾನ್ ಮನ್ರೊ ಪತ್ತೆ ಹಚ್ಚಿದರು. 2014ರಲ್ಲಿ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಅದನ್ನು ಒಪ್ಪಿ, ವೇಗವನ್ನು ಗಂಟೆಗೆ 184.087 ಮೈಲಿ, ಅಂದರೆ 296 ಕಿ.ಮೀ.ಗೂ ಸ್ವಲ್ಪ ಹೆಚ್ಚು ಎಂದು ತಿದ್ದಿತು. ತಂದೆ ತೀರಿ 36 ವರ್ಷಗಳ ನಂತರ ಮಗ ಅವರ ಲೆಕ್ಕ ಸರಿಪಡಿಸಿದಂತಾಯಿತು.

ಅಸಲಿ ಬೈಕು ಯಾವುದು?

ಇಂದು ಹಳೇ ಬೈಕುಗಳ ಸಂಗ್ರಾಹಕರು ಅಸಲಿತನಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಬೋಲ್ಟು, ಹೊಂದುವ ಸಂಖ್ಯೆ ಇದ್ದರೆ ಮಾತ್ರ ಅದು ಅಸಲಿ. ಆ ಅಳತೆಗೋಲಿನಲ್ಲಿ ಮನ್ರೊ ಅವರ ಸ್ಕೌಟ್ ಸೋಲುತ್ತದೆ. ಅದರ ಎಂಜಿನ್ನಿನ ಒಳಗೆ ಕಾರ್ಖಾನೆಯದ್ದು ಉಳಿದಿದ್ದೇ ಕಡಿಮೆ. ಆದರೂ ಸ್ಕೌಟ್ ಎಂದಾಕ್ಷಣ ಜಗತ್ತಿಗೆ ಮೊದಲು ನೆನಪಾಗುವುದು ಇದೇ. ಬಿಡಿಭಾಗ ಸಿಗುತ್ತಿದ್ದರೆ ಅವರು ಹಳೆಯದನ್ನು ಹಾಗೇ ಉಳಿಸುತ್ತಿದ್ದರೋ ಏನೋ. ಸಿಗದ ಕಾರಣ ಪ್ರತಿ ಸಲ ಕೊಂಚ ಉತ್ತಮವಾದುದನ್ನೇ ಮಾಡಬೇಕಾಯಿತು. ಕೊರತೆಯೇ ಅವರ ಎಂಜಿನಿಯರಿಂಗ್ ಕಾಲೇಜು ಆಯಿತು.

ವಯಸ್ಸಾದಂತೆ ಹೃದಯದ ತೊಂದರೆ ಕಾಡಿತು. 1977ರಲ್ಲಿ ಪಾರ್ಶ್ವವಾಯು ತಗುಲಿ ಕೈಕಾಲುಗಳ ಹಿಡಿತ ತಪ್ಪಿತು. ಇನ್ನು ಓಡಿಸಲಾಗದು ಎಂದು ತಿಳಿದ ಮನ್ರೊ ಬೈಕುಗಳನ್ನು ದೂರದ ಶ್ರೀಮಂತರಿಗೆ ಮಾರಲಿಲ್ಲ. ಅವು ಹುಟ್ಟೂರಿನ ಸೀಮೆಯಲ್ಲೇ ಉಳಿಯಲಿ ಎಂದು ಸ್ಥಳೀಯ ವ್ಯಾಪಾರಿಗೆ ಒಪ್ಪಿಸಿದರು. 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಬೈಕು ಇಂದಿಗೂ ಇನ್ವರ್‌ಕಾರ್ಗಿಲ್‌ನ ಇ. ಹೇಯ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಉಪಕರಣ ಕೊಳ್ಳಲು ಬಂದವರು ಅದರ ಮುಂದೆ ನಿಂತು ನೋಡಿ, ತಮಗೆ ಬೇಕಾದುದನ್ನು ಕೊಂಡು ಮನೆಗೆ ಹೋಗುತ್ತಾರೆ.